ತಂದೆಯ ನೆನಪಿಗೆ ಮೊದಲ ರಿವಾಲ್ವರ್: ಯಾವುದನ್ನು ಆರಿಸಬೇಕು?

ಹೋದ ವರ್ಷ ತೀರಿಕೊಂಡ ತಂದೆಯವರ ನೆನಪಿಗಾಗಿ ಮೊದಲ ರಿವಾಲ್ವರ್ ಕೊಳ್ಳಬೇಕೆಂದಿದ್ದೀರಿ, ಅದರ ಮೇಲೆ ಅವರ ಹೆಸರು ಕೊರೆಸುವ ಆಸೆಯಿದೆ, ಮೂಡಿಗೆರೆ ಕಡೆಯ ನಿಮ್ಮ ತೋಟದಲ್ಲಿ ಅವರು ಇಟ್ಟುಕೊಂಡಿದ್ದ ಜೋಡುನಳಿಗೆ ಕೋವಿ ಈಗ ಠಾಣೆಯಲ್ಲಿದೆ, ಯಾವ ರಿವಾಲ್ವರ್ ಆರಿಸಲಿ, 9 ಎಂಎಂನದು ಸಿಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಬೆಳೆಗಾರ. 2021ರಲ್ಲಿ ನಮ್ಮ ಅವ್ವ ತೀರಿಕೊಂಡ ಮೇಲೆ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಮೂರು ವರ್ಷ ಕಳೆದವನು.

9 ಎಂಎಂ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅದು ಸೇನೆ ಮತ್ತು ಪೊಲೀಸರು ಬಳಸುವ ಅಳತೆ; .303 ರೈಫಲಿನಂತೆ ನಿಷೇಧಿತ ಬೋರಿನ (ಬೋರ್ ಎಂದರೆ ನಳಿಗೆಯ ಒಳಗಿನ ಅಗಲ) ಪಟ್ಟಿಯಲ್ಲಿದೆ, ನಮ್ಮಂಥವರಿಗೆ ಜಿಲ್ಲಾಧಿಕಾರಿಗಳು ಕೊಡುವ ಪರವಾನಗಿಯಲ್ಲಿ ಬರುವುದಿಲ್ಲ. ರಿವಾಲ್ವರ್ ಎಂದರೆ ನಿಮ್ಮ ಪಾಲಿಗೆ ಹೆಚ್ಚಾಗಿ .32 ಬೋರ್, ಇಲ್ಲವೇ .22.

ನಮ್ಮ ಅವ್ವನ ಬಳಿ ಇದ್ದದ್ದು ವೆಬ್ಲಿ ಕಂಪನಿಯ .32 ಬೋರಿನ ಹಳೆಯ ರಿವಾಲ್ವರ್. ತಂದೆಯವರು ಬೇಗ ತೀರಿಕೊಂಡಿದ್ದರಿಂದ ತೋಟದ ಬಟವಾಡೆಯ ಹೊಣೆ ಅವ್ವನ ಮೇಲೆ ಬಿದ್ದಿತ್ತು. ವಾರಕ್ಕೊಮ್ಮೆ ಸಕಲೇಶಪುರದ ಬ್ಯಾಂಕಿನಿಂದ ಹಣ ತೆಗೆದುಕೊಂಡು, ಜೀಪಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರನ್ನು ಪಕ್ಕಕ್ಕೆ ಕೂರಿಸಿಕೊಂಡು, ಮಳೆಗಾಲದಲ್ಲಿ ಕತ್ತಲಾದ ಮೇಲೆ ತೋಟ ತಲುಪುತ್ತಿದ್ದ ದಿನಗಳು ಅವು; ಮಲೆನಾಡಿನ ಎಷ್ಟೋ ತೋಟದ ಮನೆಗಳಿಗೆ ರಿವಾಲ್ವರ್ ಬಂದದ್ದು ಈ ಬಟವಾಡೆ ಹಣದ ಕಾವಲಿಗಾಗಿಯೇ. ಬಟವಾಡೆಯ ಹಿಂದಿನ ಸಂಜೆ ಅವರು ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ರಿವಾಲ್ವರನ್ನು ನಡುವೆ ಮಡಚಿ ತೆರೆದು, ಸಿಲಿಂಡರಿನ ಆರೂ ಮನೆಗಳನ್ನು ದೀಪಕ್ಕೆ ಹಿಡಿದು ನೋಡಿ, ಐದರಲ್ಲಿ ಮಾತ್ರ ತೋಟೆ ತುಂಬುತ್ತಿದ್ದರು. ಆರನೆಯದು, ಎಂದರೆ ತೋಟೆಗೆ ಬಡಿಯುವ ಹ್ಯಾಮರಿನ ಎದುರಿನ ಮನೆ, ಖಾಲಿ ಇರಬೇಕು. ಹಳೆಯ ರಿವಾಲ್ವರ್ ಕೈಜಾರಿ ಬಿದ್ದರೆ ಹ್ಯಾಮರಿಗೆ ಏಟು ಬಿದ್ದು ಗುಂಡು ಹಾರುವ ಭಯವಿರುತ್ತದೆ. ಅವರು ಅದನ್ನು ಒಮ್ಮೆಯೂ ಹಾರಿಸಿದ್ದನ್ನು ನಾನು ನೋಡಲಿಲ್ಲ. ನನ್ನ ನೆನಪಿನಲ್ಲಿರುವುದು ಆ ತೆರೆಯುವ ಕೈ, ಆ ಸಣ್ಣ ಸದ್ದು.

ಆ ರಿವಾಲ್ವರ್ ವಾರಸುದಾರಿಕೆಯಲ್ಲಿ ಅಣ್ಣನ ಹೆಸರಿಗೆ ಹೋಯಿತು. ನನಗೆ ಬೇಕಾದದ್ದು ಬೇರೆ ಕೊಳ್ಳಬೇಕಾಯಿತು. ಇಲ್ಲಿ ನಮ್ಮಿಂದಾದ ಒಂದು ತಪ್ಪನ್ನೂ ಹೇಳಬೇಕು. ಅವ್ವ ತೀರಿಕೊಂಡ ಮೇಲೆ ತಿಥಿ, ಬಂಧುಬಳಗ ಎಂದು ರಿವಾಲ್ವರ್ ಮೂರು ವಾರ ಬೀರುವಿನಲ್ಲೇ ಉಳಿಯಿತು. ಪರವಾನಗಿದಾರರು ತೀರಿಕೊಂಡ ಕ್ಷಣದಿಂದ ಆ ಆಯುಧ ಮನೆಯಲ್ಲಿ ಯಾರ ಹೆಸರಿನಲ್ಲೂ ಇರುವುದಿಲ್ಲ. ವಿಳಂಬ ಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮು ಹೇಳುತ್ತದೆ. ನೀವು ಕೋವಿಯನ್ನು ಠಾಣೆಗೆ ಒಪ್ಪಿಸಿದ್ದೀರೆಂದರೆ ನಮಗಿಂತ ಜಾಣರು.

ಆದರೆ ಆ ಕೋವಿಯನ್ನು ಅಲ್ಲೇ ಬಿಟ್ಟು ರಿವಾಲ್ವರಿನ ಅಂಗಡಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಲ್ಲಿ ವಾರಸುದಾರರಿಗೆ ಪರವಾನಗಿ ಕೊಡುವ ಅವಕಾಶವಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ತಂದೆಯವರ ಪರವಾನಗಿ ಪುಸ್ತಕ, ಠಾಣೆಯ ರಸೀದಿ ಇವನ್ನು ಜೋಡಿಸಿಕೊಂಡು ಚಿಕ್ಕಮಗಳೂರಿನ ಡಿಸಿ ಕಚೇರಿಗೆ ಅರ್ಜಿ ಕೊಡಿ. ಇದನ್ನು ಮೊದಲು ಮಾಡಬೇಕೆನ್ನಲು ಇನ್ನೊಂದು ಕಾರಣವೂ ಇದೆ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಮತ್ತು ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರೊಳಗೇ ಲೆಕ್ಕ. ತಂದೆಯವರ ಕೋವಿ ಒಂದು, ನಿಮ್ಮ ರಿವಾಲ್ವರ್ ಇನ್ನೊಂದು, ಅಲ್ಲಿಗೆ ಮುಗಿಯಿತು. ಮುಂದೆ ಚಿಕ್ಕಪ್ಪನವರ ಕೋವಿಯೂ ನಿಮ್ಮ ಪಾಲಿಗೆ ಬರುವ ಸಂಭವವಿದ್ದರೆ ಈಗಲೇ ಯೋಚಿಸಿ.

ಅರ್ಜಿಯಲ್ಲಿ ‘ತಂದೆಯ ನೆನಪಿಗೆ’ ಎಂದು ಬರೆಯುವ ಕಲಮು ಇಲ್ಲ. ರಿವಾಲ್ವರ್ ಏಕೆ ಬೇಕೆಂಬುದಕ್ಕೆ ನಿಜವಾದ ಕಾರಣ ಬೇಕು, ಪೊಲೀಸರು ಬಂದು ವಿಚಾರಿಸಿದಾಗಲೂ ಅದು ನಿಲ್ಲಬೇಕು. ಈಗ ಕೂಲಿ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುವುದರಿಂದ ಅವ್ವನ ಕಾಲದ ಬಟವಾಡೆಯ ಕಾರಣ ನನಗೆ ಉಳಿದಿರಲಿಲ್ಲ. ರಸ್ತೆಯಿಂದ ಒಳಗಿರುವ ಒಂಟಿ ಮನೆ, ಗೋದಾಮಿನಲ್ಲಿ ಕಾಳುಮೆಣಸು, ಅಕ್ಕಪಕ್ಕದ ತೋಟಗಳಲ್ಲಿ ಆಗಿದ್ದ ಕಳವು, ಇಷ್ಟನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಆನೆಯ ಕಾರಣವನ್ನು ದಯವಿಟ್ಟು ಬರೆಯಬೇಡಿ. ಮೂಡಿಗೆರೆಯಲ್ಲೂ ನಮ್ಮಲ್ಲೂ ಆನೆಯ ಕಾಟ ಎಷ್ಟಿದೆಯೆಂದು ಇಬ್ಬರಿಗೂ ಗೊತ್ತು; ಆದರೆ ರಿವಾಲ್ವರಿನ ಗುಂಡು ಆನೆಯನ್ನು ಕೆರಳಿಸುವುದಕ್ಕಷ್ಟೇ ಸಾಕು, ಹೊಡೆದವರನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಿಡುವುದಿಲ್ಲ. ಜೊತೆಗೆ ಆಯುಧ ಬಳಕೆಯ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕಾಗುತ್ತದೆ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯ ಬಗ್ಗೆ ವಿಚಾರಿಸಿ. ಪ್ರಮಾಣಪತ್ರಕ್ಕಾಗಿ ಹೋದ ನಾನು, ಕೋವಿಯ ಮನೆಯಲ್ಲೇ ಹುಟ್ಟಿ ಬೆಳೆದಿದ್ದರೂ ನಳಿಗೆಯನ್ನು ಎತ್ತ ಹಿಡಿಯಬೇಕೆಂಬುದನ್ನು ಅಲ್ಲಿಯೇ ಸರಿಯಾಗಿ ಕಲಿತೆ.

ಇನ್ನು ಆಯ್ಕೆ. ನಮ್ಮಲ್ಲಿ ಹೊಸ ರಿವಾಲ್ವರ್ ಎಂದರೆ ಹೆಚ್ಚಾಗಿ ಕಾನ್ಪುರದ ಸರ್ಕಾರಿ ಕಾರ್ಖಾನೆಗಳದ್ದು. ಹಳೆಯ .32 ಮಾದರಿ ಸುಮಾರು 700 ಗ್ರಾಂ ತೂಗುತ್ತದೆ, ಮೂರು ಅಂಗುಲದ ನಳಿಗೆ, ಆರು ಗುಂಡು. ವೆಬ್ಲಿಯ ವಿನ್ಯಾಸದಿಂದಲೇ ಬಂದದ್ದಾದ್ದರಿಂದ ಅದರಂತೆಯೇ ನಡುವೆ ಮಡಚಿ ತೆರೆಯುತ್ತದೆ. 2014ರಲ್ಲಿ ಬಂದ ‘ನಿರ್ಭೀಕ್’ ಟೈಟಾನಿಯಂ ಮಿಶ್ರಲೋಹದ್ದು, 500 ಗ್ರಾಂ. ಮಹಿಳೆಯರಿಗೆಂದು ಪ್ರಚಾರವಾಗಿತ್ತು, ಬಿಡುಗಡೆಯಾದಾಗಲೇ ಬೆಲೆ 1,22,360 ರೂಪಾಯಿ ಇತ್ತು. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ ‘ನಿಡರ್’ .22 ಬೋರಿನದು, ತೂಕ 250 ಗ್ರಾಂ ಮಾತ್ರ. 2023ರ ಆಗಸ್ಟ್‌ನಲ್ಲಿ ಬಂದ ‘ಪ್ರಬಲ್’ .32 ಬೋರಿನದೇ ಆದರೂ ಅದರ ಸಿಲಿಂಡರ್ ಪಕ್ಕಕ್ಕೆ ಹೊರಳಿ ತೆರೆದುಕೊಳ್ಳುತ್ತದೆ.

ಹಗುರವಾದದ್ದು ಒಳ್ಳೆಯದೆಂಬ ಭಾವನೆ ಅಂಗಡಿಯಲ್ಲಿ ಬೇಗ ಬರುತ್ತದೆ. ಅದೇ ತೋಟೆಯನ್ನು ಹಗುರವಾದ ರಿವಾಲ್ವರಿನಿಂದ ಹಾರಿಸಿದರೆ ಕೈಗೆ ಒದೆತ ಹೆಚ್ಚು. ದಿನವೂ ಸೊಂಟದಲ್ಲಿ ಹೊತ್ತು ತಿರುಗುವವರಿಗೆ 200 ಗ್ರಾಮಿನ ಉಳಿತಾಯ ದೊಡ್ಡದು. ಮನೆಯ ಕಪಾಟಿನಲ್ಲಿಟ್ಟು ವರ್ಷಕ್ಕೆ ಕೆಲವು ಸಲ ಅಭ್ಯಾಸ ಮಾಡುವ ನಿಮಗೆ ನನ್ನ ಮಟ್ಟಿಗೆ ತೂಕವೇ ಸ್ನೇಹಿತ. ಅಂಗಡಿಯವರ ಅಪ್ಪಣೆ ಕೇಳಿ, ಸಿಲಿಂಡರ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿದ ಮೇಲೆ, ಹ್ಯಾಮರ್ ಎತ್ತದೆ ಟ್ರಿಗರ್ ಒತ್ತಿ ನೋಡಿ. ಈ ಒತ್ತು ಗಟ್ಟಿಯಾಗಿರುತ್ತದೆ. ಕೊನೆಯವರೆಗೆ ಒತ್ತುವಷ್ಟರಲ್ಲಿ ನಳಿಗೆಯ ತುದಿ ಪಕ್ಕಕ್ಕೆ ಸರಿದರೆ ಹಿಡಿ ನಿಮ್ಮ ಅಂಗೈಗೆ ಸಣ್ಣದೋ ದೊಡ್ಡದೋ ಆಗಿದೆ ಎಂದು ತಿಳಿಯಬೇಕು. ಯಾವ ಹೆಸರಿಗೂ ಬೆಲೆಗೂ ಮೊದಲು ನಾನು ನೋಡಹೇಳುವುದು ಇದನ್ನೇ.

ನಾನು 2024ರಲ್ಲಿ ಹಳೆಯ ಮಾದರಿಯನ್ನೂ ‘ಪ್ರಬಲ್’ ಅನ್ನೂ ಕೈಯಲ್ಲಿ ಹಿಡಿದು ನೋಡಿದೆ. ಪಕ್ಕಕ್ಕೆ ತೆರೆಯುವ ವಿನ್ಯಾಸದಲ್ಲಿ ಚೌಕಟ್ಟು ತುಂಡಾಗದೆ ಒಂದೇ ಆಗಿರುವುದರಿಂದ ಅದೇ ಗಟ್ಟಿಯೆಂಬುದು ನಿಜ. ಆದರೂ ನಾನು ತಂದದ್ದು ಮಡಚಿ ತೆರೆಯುವುದನ್ನು, ಏಕೆಂದರೆ ಅದನ್ನು ತೆರೆದಾಗ ನನ್ನ ಕೈ ಅವ್ವನ ಕೈಯಂತೆಯೇ ಚಲಿಸಿತು. ಈ ಕಾರಣ ನಿಮಗೆ ಅನ್ವಯಿಸುವುದಿಲ್ಲ. ನಿಮ್ಮ ತಂದೆಯವರ ಕೈ ರೂಢಿಸಿಕೊಂಡಿದ್ದದ್ದು ಜೋಡುನಳಿಗೆಯನ್ನು. ಅವರ ನೆನಪಿನ ಆಯುಧ ಯಾವುದೆಂದು ಕೇಳಿದರೆ ನಾನು ಠಾಣೆಯಲ್ಲಿರುವ ಆ ಕೋವಿಯನ್ನೇ ತೋರಿಸುತ್ತೇನೆ. ರಿವಾಲ್ವರ್ ಮಾತ್ರ ನಿಮ್ಮದು, ಅದನ್ನು ನಿಮ್ಮ ಕೈಗೆ ಹೊಂದುವಂತೆ ಆರಿಸಿ. ನಾನೇ ನಿಮ್ಮ ಜಾಗದಲ್ಲಿದ್ದರೆ ‘ಪ್ರಬಲ್’ ಕಡೆಗೇ ವಾಲುತ್ತಿದ್ದೆ.

ಹಳೆಯ ವಿಲಾಯಿತಿ ರಿವಾಲ್ವರ್ ಇದೆಯೆಂದು ಯಾರಾದರೂ ಹೇಳಬಹುದು. ಸಾಮಾನ್ಯ ಜನರಿಗೆ ಬಂದೂಕು ಆಮದು 1980ರ ದಶಕದ ಮಧ್ಯದಿಂದ ನಿಂತುಹೋಗಿರುವುದರಿಂದ ಅವಕ್ಕೆ ಹೊಸದಕ್ಕಿಂತ ಹೆಚ್ಚು ಬೆಲೆ ಹೇಳುತ್ತಾರೆ. ಹ್ಯಾಮರ್ ಎತ್ತಿದ ಸ್ಥಿತಿಯಲ್ಲಿ ಸಿಲಿಂಡರ್ ಅಲುಗಾಡುತ್ತದೆಯೇ, ಮಡಚುವ ಕೀಲು ಸಡಿಲವಾಗಿದೆಯೇ, ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೆ ತುಕ್ಕು ತಿಂದ ಗುಳಿಗಳಿವೆಯೇ ಎಂದು ಬಲ್ಲವರಿಂದ ನೋಡಿಸದೆ ಮುಂಗಡ ಕೊಡಬೇಡಿ. ಮಾರುವವರು ಜಿಲ್ಲಾಧಿಕಾರಿಗಳಿಗೋ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿಯೇ ಮಾರಬೇಕು.

ಹೆಸರು ಕೊರೆಸುವ ವಿಚಾರದಲ್ಲಿ ನಿಮ್ಮನ್ನು ತಡೆಯಲೇಬೇಕಾಗಿದೆ. ತಯಾರಕರ ಹೆಸರು ಮತ್ತು ಸಂಖ್ಯೆ ಇರುವ ಲೋಹದ ಮೇಲೆ ಉಳಿ ಆಡಿ ಆ ಗುರುತು ಅಳಿಸಿದರೆ ಅದು ಅಪರಾಧ. ಅದಕ್ಕಿಂತ ಹತ್ತಿರದ ತೊಂದರೆಯೆಂದರೆ, ಪರವಾನಗಿ ಇಲ್ಲದ ಅಕ್ಕಸಾಲಿಗರ ಅಂಗಡಿಯಲ್ಲಿ ರಿವಾಲ್ವರನ್ನು ಎರಡು ದಿನ ಬಿಟ್ಟುಬರುವುದೇ ತಪ್ಪಾಗುತ್ತದೆ. ನಾನು ಮಾಡಿದ್ದು ಹೀಗೆ: ಹಿಡಿಯ ಎರಡು ಪಕ್ಕದ ಹಲಗೆಗಳನ್ನು ಸ್ಕ್ರೂ ಬಿಚ್ಚಿ ತೆಗೆದು, ಅವನ್ನು ಮಾತ್ರ ನಮ್ಮೂರಿನ ಬಡಗಿಗೆ ಅಳತೆಗೆ ಕೊಟ್ಟೆ. ಅವ್ವ ಕೂರುತ್ತಿದ್ದ ಬೀಟೆ ಮರದ ಕುರ್ಚಿಯ ಮುರಿದ ಕೈಯಿಂದ ಅವನು ಹೊಸ ಹಲಗೆಗಳನ್ನು ಮಾಡಿಕೊಟ್ಟ. ಹೆಸರನ್ನು ಒಳಮೈಗೆ ಬರೆಸಿದ್ದೇನೆ, ಹೊರಗೆ ಕಾಣುವುದಿಲ್ಲ. (ಇದಕ್ಕಾಗಿ ತೋಟದ ಬೀಟೆಗೆ ಕೊಡಲಿ ಹಾಕಬೇಡಿ, ಅರಣ್ಯ ಇಲಾಖೆಯವರೊಡನೆ ಅದು ಬೇರೆಯೇ ಕಥೆ.)

ಒಂದು ಮಾತನ್ನು ತಪ್ಪು ತಿಳಿಯದೆ ಓದಿ. ಸಾವಿನ ಮನೆಯಲ್ಲಿ ಮೊದಲ ವರ್ಷ ನಿದ್ದೆ ಸರಿಯಿರುವುದಿಲ್ಲ, ಮನಸ್ಸು ಹೇಳಿದಂತೆ ಕೇಳುವುದಿಲ್ಲ. ನನಗೂ ಹಾಗೆಯೇ ಆಗಿತ್ತು. ವರ್ಷದ ತಿಥಿ ಮುಗಿಯುವವರೆಗೆ ಅರ್ಜಿಯನ್ನೇ ಮುಟ್ಟಲಿಲ್ಲ. ನಿಮಗೂ ಇನ್ನೂ ಹಾಗಿದ್ದರೆ ರಿವಾಲ್ವರನ್ನು ಮುಂದಕ್ಕೆ ಹಾಕಿ, ಡಾಕ್ಟರನ್ನು ಮೊದಲು ನೋಡಿ. ತಂದಮೇಲೂ ಅದು ಗೋಡೆಗೆ ಕೂರಿಸಿದ ಕಬ್ಬಿಣದ ಪೆಟ್ಟಿಗೆಯಲ್ಲಿರಲಿ, ತೋಟೆಗಳು ಬೇರೆ ಬೀಗದಲ್ಲಿರಲಿ, ಆಯುಧಪೂಜೆಯ ದಿನ ಹೊರಗೆ ತೆಗೆದರೂ ಖಾಲಿಯಾಗಿಯೇ ಇರಲಿ.

ಕೊನೆಗೆ ನಮ್ಮ ಮಳೆ. ಚರ್ಮದ ಚೀಲದಲ್ಲಿಟ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರೆತರೆ ಚರ್ಮಕ್ಕೆ ಬೂಷ್ಟು ಬಂದು, ಲೋಹಕ್ಕೆ ಅದರ ಆಕಾರದಲ್ಲೇ ತುಕ್ಕು ಹಿಡಿಯುತ್ತದೆ. ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಅದು ಬರಬರುತ್ತಾ ಅಂಟಾಗಿ ಸಿಲಿಂಡರ್ ತಿರುಗದಂತೆ ಮಾಡಿತ್ತು. ಬಂದೂಕಿನ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯಾದರೂ ಆದೀತು, ಹದಿನೈದು ದಿನಕ್ಕೊಮ್ಮೆ ತೆಳುವಾಗಿ ಒರೆಸಬೇಕು. ಚುನಾವಣೆ ಬಂದಾಗ ಠೇವಣಿ ಇಡಲು ಠಾಣೆಯಿಂದ ಕರೆ ಬರುತ್ತದೆ, 2023ರಲ್ಲೂ 2024ರಲ್ಲೂ ನಮ್ಮ ಕಡೆಯ ಬೆಳೆಗಾರರು ಕೋವಿ ಹೊತ್ತು ಸಾಲು ನಿಂತಿದ್ದರು. ಅಲ್ಲಿಗೆ ಕೊಡುವ ಮುನ್ನ ಸ್ವಲ್ಪ ಹೆಚ್ಚಾಗಿಯೇ ಎಣ್ಣೆ ಹಚ್ಚಿ. ತಂದೆಯವರ ಜೋಡುನಳಿಗೆ ಕೈಗೆ ಬಂದ ದಿನ ಮೊದಲು ಮಾಡಬೇಕಾದ ಕೆಲಸವೂ ಅದೇ: ಠಾಣೆಯ ಕೋಣೆಯಲ್ಲಿ ಒಂದು ಮಳೆಗಾಲ ಕಳೆದಿದ್ದರೆ ನಳಿಗೆಗಳ ಒಳಗೆ ನೋಡದೆ ತೋಟೆ ಹಾಕಬೇಡಿ.