ಲ್ಯಾಪ್‌ಟಾಪ್ ಬಿಲ್ಲಿಗೆ ಅಂಟಿಕೊಂಡ ಬಾಲ

ಪ್ರಶ್ನೆ: ಮಗಳ ಇಂಜಿನಿಯರಿಂಗ್ ಓದಿಗೆಂದು 52,000 ರೂಪಾಯಿಯ ಲ್ಯಾಪ್‌ಟಾಪ್ ಕೊಂಡೆವು. ಬಿಲ್ಲಿನಲ್ಲಿ ವಿಂಡೋಸ್ ಇನ್‌ಸ್ಟಾಲೇಶನ್ 1,500, ಆ್ಯಂಟಿವೈರಸ್ 899, ಸ್ಕ್ರೀನ್ ಗಾರ್ಡ್ 600, ಎರಡು ವರ್ಷದ ಹೆಚ್ಚುವರಿ ವಾರಂಟಿ 3,499 ಎಂದು ಸೇರಿಸಿದ್ದಾರೆ. ‘ಎಲ್ಲ ಒಂದೇ ಪ್ಯಾಕೇಜ್, ಬಿಡಿಯಾಗಿ ಕೊಡಲ್ಲ’ ಎಂದರು. ಇವೆಲ್ಲ ಬೇಕಿತ್ತೇ?
ಹೆಸರು ಬೇಡ, ಹಾಸನ

ಉತ್ತರ: ಮೊದಲ ಮೂರಕ್ಕೆ ಕೊಟ್ಟ 2,999 ರೂಪಾಯಿ ದಂಡ. ವಾರಂಟಿಯದನ್ನು ನೋಡಿ ಹೇಳಬೇಕು.

ಪೆಟ್ಟಿಗೆಯ ಮೇಲೆ ವಿಂಡೋಸ್ 11 ಎಂದಿದ್ದರೆ ಅದು ಕಾರ್ಖಾನೆಯಿಂದಲೇ ಬಂದದ್ದು. ಲೈಸೆನ್ಸ್ ಕೀ, ಅಂದರೆ ಅದು ಅಸಲಿ ಎಂದು ತೋರಿಸುವ ಸಂಕೇತ, ಮದರ್‌ಬೋರ್ಡ್‌ನಲ್ಲೇ ಕೂತಿರುತ್ತದೆ, ಇಂಟರ್‌ನೆಟ್ ಸಿಕ್ಕೊಡನೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಅಂಗಡಿಯಲ್ಲಿ ನಡೆಯುವುದು ದೇಶ, ಕೀಬೋರ್ಡ್, ವೈಫೈ ಕೇಳುವ ಪರದೆಗಳಲ್ಲಿ ‘ನೆಕ್ಸ್ಟ್’ ಒತ್ತುವ ಕೆಲಸ. ಮನೆಯಲ್ಲಿ ಚಾರ್ಜರ್ ಸಿಕ್ಕಿಸಿಟ್ಟು ಮಾಡಿ. ಅಪ್‌ಡೇಟ್ ಸೇರಿ ಒಂದೆರಡು ಗಂಟೆ ಹಿಡಿದೀತು.

ವಿಂಡೋಸ್ ಇಲ್ಲದ, ‘ಡಾಸ್’ ಎಂದು ಮಾರುವ ಮಾಡೆಲ್ ಆಗಿದ್ದರೆ ಮಾತು ಬೇರೆ. ಅದಕ್ಕೆ ಇನ್‌ಸ್ಟಾಲೇಶನ್ ಬೇಕೇ ಬೇಕು, ಆದರೆ 1,500 ರೂಪಾಯಿಗೆ ಅಸಲಿ ಲೈಸೆನ್ಸ್ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಆ್ಯಕ್ಟಿವೇಶನ್ ತೆರೆಯಿರಿ. ‘ಡಿಜಿಟಲ್ ಲೈಸೆನ್ಸ್’ ಎಂದಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ‘ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸೇವೆ’ ಎಂಬರ್ಥದ ಇಂಗ್ಲಿಷ್ ಸಾಲು ಕಂಡರೆ, ಮನೆಯ ಲ್ಯಾಪ್‌ಟಾಪ್‌ಗೆ ಯಾವ ಸಂಸ್ಥೆ ಎಂದು ಅಂಗಡಿಯವರನ್ನೇ ಕೇಳಿ. ಅದು ಕಂಪನಿಗಳಿಗೆಂದು ಇರುವ, 180 ದಿನದೊಳಗೆ ನವೀಕರಣವಾಗಬೇಕಾದ ವ್ಯವಸ್ಥೆಯ ದುರುಪಯೋಗ.

ಆ್ಯಂಟಿವೈರಸ್ ವಿಂಡೋಸ್‌ನಲ್ಲೇ ಇದೆ, ಹೆಸರು ಡಿಫೆಂಡರ್. ಬೇರೊಂದನ್ನು ಹಾಕಿದರೆ ಇದು ಹಿಂದೆ ಸರಿಯುತ್ತದೆ. ಅದರ ಅವಧಿ ಮುಗಿದ ಮೇಲೆ ‘ಹಣ ಕಟ್ಟಿ’ ಎಂಬ ಕಾಟ ಶುರು. ಆಗ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಿಂದ ಅದನ್ನು ತೆಗೆದು ರೀಸ್ಟಾರ್ಟ್ ಮಾಡಿ, ಡಿಫೆಂಡರ್ ಮತ್ತೆ ಕೆಲಸ ಹಿಡಿಯುತ್ತದೆ. ಆ್ಯಂಟಿವೈರಸ್ ಕಾರ್ಡಿನ ಕೀ ಇನ್ನೂ ಕೆರೆದಿಲ್ಲವೆಂದರೆ ಇವತ್ತೇ ವಾಪಸ್ ಕೊಡಿ. ಸ್ಕ್ರೀನ್ ಗಾರ್ಡ್ ತೆಗೆಸುವುದೇ ಲೇಸು: ಮುಚ್ಚಳಕ್ಕೂ ಕೀಬೋರ್ಡಿಗೂ ನಡುವೆ ಇರುವ ಸಂದು ಬಹಳ ಸಣ್ಣದು, ದಪ್ಪ ಗಾಜು ಕೂತರೆ ಮುಚ್ಚುವಾಗ ಡಿಸ್‌ಪ್ಲೇಗೇ ಒತ್ತಡ.

ವಾರಂಟಿ ಯಾರದು ಎಂಬುದೇ ಪ್ರಶ್ನೆ. ಲ್ಯಾಪ್‌ಟಾಪ್ ತಳದಲ್ಲಿರುವ ಸೀರಿಯಲ್ ನಂಬರನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿ. ಕೆಲವು ದಿನ ಕಳೆದರೂ ಹೆಚ್ಚಿದ ಅವಧಿ ಅಲ್ಲಿ ಕಾಣದಿದ್ದರೆ ನಿಮ್ಮ ಕೈಯಲ್ಲಿರುವುದು ಅಂಗಡಿಯದೋ ಮೂರನೆಯವರದೋ ಕಾಗದ. ಬಿದ್ದು ಒಡೆದರೆ, ನೀರು ಚೆಲ್ಲಿದರೆ ಮಾಮೂಲಿ ವಾರಂಟಿ ಬರುವುದಿಲ್ಲ, ಬ್ಯಾಟರಿಗೆ ಬಹುಪಾಲು ಒಂದೇ ವರ್ಷ. ಹೆಚ್ಚಿನ ಬ್ರ್ಯಾಂಡ್‌ಗಳು ಮೂಲ ವಾರಂಟಿ ಮುಗಿಯುವ ಮುಂಚೆ ವಿಸ್ತರಿಸಿಕೊಳ್ಳಲು ಬಿಡುತ್ತವೆ. ಕೌಂಟರಿನಲ್ಲೇ ತೀರ್ಮಾನಿಸುವ ಅವಸರವೇನೂ ಇರಲಿಲ್ಲ.

ಇನ್ನು ‘ಬಿಡಿಯಾಗಿ ಕೊಡಲ್ಲ’ ಎಂಬ ಮಾತು. ಒಂದನ್ನು ಕೊಳ್ಳಲು ಇನ್ನೊಂದನ್ನೂ ಕೊಳ್ಳಲೇಬೇಕೆಂಬ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(41) ನಿರ್ಬಂಧಕ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ಲಿನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಷ್ಟಕ್ಕೂ ಬಗ್ಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ.

ಪ್ರಶ್ನೆ: ಅಂಗಡಿಯವರೇ ಯಾವುದೋ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟರು. ಏನಾದರೂ ತೊಂದರೆಯಿದೆಯೇ?
ಓದುಗರು, ಶಿರಸಿ

ಉತ್ತರ: ಇದೆ, ಮೇಲಿನ ಮೂರು ಸಾವಿರಕ್ಕಿಂತ ದೊಡ್ಡದೇ ಇದೆ. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಸಾಫ್ಟ್‌ವೇರನ್ನು ಅವರು ಆ್ಯಕ್ಟಿವೇಟ್ ಮಾಡಿದ್ದರೆ ಅದು ಆ ಅಕೌಂಟಿಗೆ ಕಟ್ಟಿಬಿದ್ದಿರುತ್ತದೆ, ನಿಮ್ಮದಕ್ಕೆ ವರ್ಗಾಯಿಸಲಾಗದು. ಎರಡನೆಯದು ಇನ್ನೂ ಅಪಾಯ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೈನ್ ಇನ್ ಆದಾಗ ಈಗಿನ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಡಿಸ್ಕನ್ನು ತಾವೇ, ಕೀ ಇಲ್ಲದೆ ಓದಲಾಗದಂತೆ, ಎನ್‌ಕ್ರಿಪ್ಟ್ ಮಾಡಿಕೊಂಡು, 48 ಅಂಕಿಯ ರಿಕವರಿ ಕೀಯನ್ನು ಆ ಅಕೌಂಟಿನಲ್ಲೇ ಇಡುತ್ತವೆ. ಮುಂದೆ ಮದರ್‌ಬೋರ್ಡ್ ಬದಲಾದಾಗಲೋ ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆದಾಗಲೋ ನೀಲಿ ಪರದೆ ಬಂದು ಆ ಕೀ ಕೇಳಿದರೆ ಅಂಗಡಿಯವರ ಹತ್ತಿರ ಓಡಬೇಕು. ಸಿಗದಿದ್ದರೆ ಫೋಟೊ, ಪ್ರಾಜೆಕ್ಟ್ ಎಲ್ಲ ಹೋದ ಹಾಗೆಯೇ.

ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಯಾರ ಇಮೇಲ್ ಇದೆ ನೋಡಿಕೊಂಡು, ಲ್ಯಾಪ್‌ಟಾಪ್ ಸಮೇತ ಅಂಗಡಿಗೆ ಹೋಗಿ. ಅಕೌಂಟನ್ನು ನಿಮಗಾಗಿಯೇ ಹೊಸದಾಗಿ ತೆರೆದಿದ್ದರೆ ಅಲ್ಲೇ ನಿಂತು ಪಾಸ್‌ವರ್ಡ್, ಮೊಬೈಲ್ ನಂಬರ್, ಪರ್ಯಾಯ ಇಮೇಲ್ ಮೂರನ್ನೂ ಬದಲಿಸಿ. ಅಲ್ಲೇ ಯಾಕೆಂದರೆ ಒಟಿಪಿ ಬರುವುದು ಅವರ ಮೊಬೈಲ್‌ಗೆ. ಅವರು ಸಿಗದೆ ಎಲ್ಲ ಭದ್ರತಾ ವಿವರವನ್ನೂ ಬದಲಿಸಲು ಹೊರಟರೆ ಮೈಕ್ರೋಸಾಫ್ಟ್ 30 ದಿನ ಕಾಯಿಸುತ್ತದೆ. ಅವರ ಸ್ವಂತ ಅಕೌಂಟೇ ಆಗಿದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆಸಿಕೊಂಡು, ಆಫೀಸ್‌ಗೆ ಪರಿಹಾರ ಕೇಳಿ.

ಪ್ರಶ್ನೆ: ಕನ್ನಡ ಸಾಫ್ಟ್‌ವೇರ್ ಹಾಕಲು 500 ರೂಪಾಯಿ ಕೇಳುತ್ತಿದ್ದಾರೆ. ಕೊಡಲೇ?
ಶಿಕ್ಷಕರು, ಕೊಪ್ಪಳ

ಉತ್ತರ: ಬೇಡ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಅದರಲ್ಲಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ. ಭಾಷೆಯ ಪಕ್ಕದ ಆಯ್ಕೆಗಳಲ್ಲಿ ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯಂತೆ ಕನ್ನಡ ಮೂಡಿಸುವ ಫೊನೆಟಿಕ್ ಕೀಬೋರ್ಡ್ ಇದೆ. ವಿಂಡೋಸ್ ಗುಂಡಿ ಹಿಡಿದು ಸ್ಪೇಸ್ ಬಾರ್ ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷ್. ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರೇ ಬೇಕೆಂದರೆ ಅದೂ ಉಚಿತ. ಪ್ರೆಸ್‌ನವರು ಹಳೆಯ ನುಡಿ ಫಾಂಟಿನಲ್ಲೇ ಕೊಡಿ ಎಂದರೆ ಮಾತ್ರ ಅದರ ಅಗತ್ಯ ಬೀಳುತ್ತದೆ.