ಜೀಬ್ರಾ ಪಟ್ಟೆಗೆ ಅನುದಾನ ಇಲ್ಲ ಅಂತಾರೆ, ಏನು ಮಾಡೋಣ?

*ಈ ವಾರದ ಮೂರೂ ಪ್ರಶ್ನೆಗಳು ರಸ್ತೆ ದಾಟುವವರ ಕುರಿತಾಗಿವೆ. ಪುರಸಭೆ, ನಗರಸಭೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರ್ ಉತ್ತರಿಸಿದ್ದಾರೆ.*

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತಾಲ್ಲೂಕು ಕೇಂದ್ರ. ಊರ ನಡುವಿನ ಮುಖ್ಯರಸ್ತೆಯ ಒಂದು ಬದಿಗೆ ಸರ್ಕಾರಿ ಶಾಲೆ ಇದೆ. ಎದುರಿಗೆ ಬಸ್ ಸ್ಟಾಪು ಮತ್ತು ಸಂತೆ ಮೈದಾನ. ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡಿದರು. ಈಗ ಸುಮಾರು 45 ಅಡಿ ಇದೆ, ಗಾಡಿಗಳ ಓಟ ಜಾಸ್ತಿಯಾಗಿದೆ. ಬೆಳಿಗ್ಗೆ, ಸಂಜೆ ತಾಯಂದಿರೇ ಕೈ ಅಡ್ಡ ಹಿಡಿದು ಮಕ್ಕಳನ್ನು ದಾಟಿಸುತ್ತಾರೆ. ಪುರಸಭೆಗೆ ಮೂರು ಸಲ ಮನವಿ ಕೊಟ್ಟೆವು. ‘ಅನುದಾನ ಇಲ್ಲ’ ಅನ್ನುತ್ತಾರೆ. ಎಸ್‌ಡಿಎಂಸಿಯವರೇ (ಶಾಲೆಯ ಅಭಿವೃದ್ಧಿ, ಉಸ್ತುವಾರಿ ಸಮಿತಿ) ಚಂದಾ ಎತ್ತಿ ಎರಡು ಹಂಪು ಹಾಕಿಸೋಣ ಅಂತಿದ್ದೇವೆ. ಸರಿಯಾ? — ಎಸ್‌ಡಿಎಂಸಿ ಸದಸ್ಯರೊಬ್ಬರು

ಉತ್ತರ: ಹಂಪು ಮಾತ್ರ ಹಾಕಿಸಬೇಡಿ. ನಾನು ಜೆಇ (ಜೂನಿಯರ್ ಎಂಜಿನಿಯರ್) ಆಗಿದ್ದಾಗ ಒಂದು ಊರಿನಲ್ಲಿ ಹೀಗೇ ಆಯಿತು. ಮನೆ ಕಟ್ಟಿ ಮಿಕ್ಕ ಕಾಂಕ್ರೀಟನ್ನು ಯಾರೋ ಶಾಲೆಯ ಮುಂದೆ ಅಡ್ಡಕ್ಕೆ ಸುರಿದರು. ಒಂದಡಿ ಅಗಲ, ಗೇಣುದ್ದ ಎತ್ತರ, ಬಣ್ಣವೂ ಇಲ್ಲ. ಮೂರನೇ ರಾತ್ರಿ ಬೈಕಿನಲ್ಲಿ ಬಂದ ಗಂಡ ಹೆಂಡತಿ ಇಬ್ಬರೂ ಬಿದ್ದರು. ಆಮೇಲೆ ಹಂಪು ಹಾಕಿದವರು ಯಾರು ಅಂತ ಪೊಲೀಸರು ಕೇಳಿದಾಗ ಬೀದಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಸರಿಯಾದ ಹಂಪಿಗೆ ಅಳತೆ ಇದೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವುದು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಗಾಡಿ ನಿಧಾನ ಆಗಬೇಕು, ಸವಾರ ಹಾರಿ ಬೀಳಬಾರದು. ಸಾಲದ್ದಕ್ಕೆ ರಸ್ತೆ ಹೆದ್ದಾರಿಯಾಗಿದ್ದರೆ ಹಂಪಿಗೆ ಒಪ್ಪಿಗೆ ಸಿಗುವುದೇ ಕಷ್ಟ.

ಇನ್ನು ‘ಅನುದಾನ ಇಲ್ಲ’ ಅನ್ನುವ ಮಾತು. ಕಚೇರಿಯ ಒಳಗಿದ್ದು ಬಂದವನಾಗಿ ಹೇಳುತ್ತೇನೆ, ಇದಕ್ಕೆ ಎರಡು ಅರ್ಥ ಇರುತ್ತದೆ. ಒಂದು, ಆ ರಸ್ತೆ ಅವರದ್ದಲ್ಲ. ಇನ್ನೊಂದು, ನಿಮ್ಮ ಕೆಲಸ ಈ ವರ್ಷದ ಕ್ರಿಯಾಯೋಜನೆಯಲ್ಲಿ, ಅಂದರೆ ಮಾಡಬೇಕಾದ ಕಾಮಗಾರಿಗಳ ಪಟ್ಟಿಯಲ್ಲಿ, ಇಲ್ಲ. ನಿಜವಾಗಿಯೂ ಪೆಟ್ಟಿಗೆ ಖಾಲಿ ಇರುವುದು ಇವೆರಡರ ಆಮೇಲಿನ ಮಾತು.

ಹಾಗಾಗಿ ರಸ್ತೆ ಯಾರದ್ದು ಅಂತ ಮೊದಲು ತಿಳಿದುಕೊಳ್ಳಿ. ಊರ ನಡುವೆ ಹೋಗುವ ಅಗಲದ ರಸ್ತೆ ಬಹುಪಾಲು ರಾಜ್ಯ ಹೆದ್ದಾರಿಯೋ ಜಿಲ್ಲಾ ಮುಖ್ಯರಸ್ತೆಯೋ ಆಗಿರುತ್ತದೆ. ಅಂದರೆ ಪಿಡಬ್ಲ್ಯುಡಿಯದ್ದು (ಲೋಕೋಪಯೋಗಿ ಇಲಾಖೆ). ಅಂಥ ರಸ್ತೆಗೆ ಪುರಸಭೆ ದುಡ್ಡು ಹಾಕಿದರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ. ಮುಖ್ಯಾಧಿಕಾರಿಗೆ ಆ ಭಯ ಇರುತ್ತದೆ, ಆದರೆ ಬಿಡಿಸಿ ಹೇಳುವುದಿಲ್ಲ. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಶಾಲೆಯ ಮುಂದಿನ ರಸ್ತೆ ಯಾರ ಸುಪರ್ದಿನಲ್ಲಿದೆ, ಅಗಲ ಮಾಡಿದ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಪಾದಚಾರಿಗಳಿಗಾಗಿ ಏನೇನು ಇತ್ತು, ಇಷ್ಟು ಕೇಳಿದರೆ ಸಾಕು. ಆ ಎರಡನೇದು ಮುಖ್ಯ. ಎಷ್ಟೋ ಸಲ ಜೀಬ್ರಾ ಪಟ್ಟೆ, ಶಾಲೆಯ ಫಲಕ ಎಲ್ಲ ಎಸ್ಟಿಮೇಟ್‌ನಲ್ಲಿ ಇರುತ್ತದೆ, ರಸ್ತೆಯ ಮೇಲೆ ಇರುವುದಿಲ್ಲ. ಎರಡೇ ವರ್ಷದ ಕೆಲಸ ಅಂದರೆ ಗುತ್ತಿಗೆದಾರರ ಹೊಣೆಗಾರಿಕೆಯ ಅವಧಿ ಇನ್ನೂ ಮುಗಿಯದೇ ಇರಬಹುದು. ಹಾಗಿದ್ದರೆ ಹೊಸ ದುಡ್ಡೇ ಬೇಕಾಗಿಲ್ಲ.

ಈಗ ಕೆಲಸ ಎಷ್ಟು ದೊಡ್ಡದು ನೋಡೋಣ. 45 ಅಡಿ ಅಂದರೆ ಹತ್ತಿರ ಹತ್ತಿರ 14 ಮೀಟರ್. ಚಿಕ್ಕ ಮಗು ಸೆಕೆಂಡಿಗೆ ಒಂದು ಮೀಟರ್ ನಡೆಯುತ್ತದೆ ಅಂತ ಇಟ್ಟುಕೊಳ್ಳಿ. ದಾಟೋಕೆ 14 ಸೆಕೆಂಡ್ ಬೇಕು. ಗಂಟೆಗೆ 50 ಕಿಲೋಮೀಟರ್ ವೇಗದ ಟೆಂಪೊ ಅಷ್ಟರಲ್ಲಿ ಸುಮಾರು 195 ಮೀಟರ್ ಬಂದಿರುತ್ತದೆ. ಅಷ್ಟು ದೂರದ ಗಾಡಿಯ ವೇಗ ಅಂದಾಜು ಮಾಡೋದು ನಮಗೇ ಆಗಲ್ಲ, ಏಳು ವರ್ಷದ ಮಗುವಿಗೆ ಆಗುತ್ತಾ? ರಸ್ತೆಯ ನಡುವೆ ಎರಡು ಮೀಟರ್ ಅಗಲದ ಕಟ್ಟೆ ಮಾಡಿ ನಿಲ್ಲಲು ಜಾಗ ಕೊಟ್ಟರೆ ಒಂದು ಸಲಕ್ಕೆ ಆರೇ ಮೀಟರ್ ದಾಟಿದರೆ ಆಯಿತು. ಆರು ಸೆಕೆಂಡ್, ಒಂದೇ ಕಡೆ ನೋಡಿದರೆ ಸಾಕು. ನಿಮ್ಮೂರಿಗೆ ಬೇಕಿರುವುದು ಇದೇ.

ಸಾಮಾನು ಲೆಕ್ಕ ಹಾಕಿ. ಜೀಬ್ರಾ ಪಟ್ಟೆ ಅರ್ಧ ಮೀಟರ್ ಬಿಳಿ, ಅರ್ಧ ಮೀಟರ್ ಬಿಡುವು. ಮೂರು ಮೀಟರ್ ಉದ್ದದ ಪಟ್ಟೆಗಳು. ಕಟ್ಟೆ ಇಲ್ಲದೆ ರಸ್ತೆಯಿಡೀ ಬಳಿದರೂ 21 ಚದರ ಮೀಟರ್. ಕಟ್ಟೆ ಬಂದರೆ ಇನ್ನೂ ಕಡಿಮೆ. ಪಟ್ಟೆಯ ಎರಡೂ ಪಕ್ಕಕ್ಕೆ ಆರಾರು ಮೀಟರ್ ಉದ್ದದ ಎರಡು ಕಟ್ಟೆ, ನಡುವೆ ರಸ್ತೆಯ ಮಟ್ಟಕ್ಕೇ ಮೂರು ಮೀಟರ್ ದಾರಿ. ಇದಕ್ಕೆ ಅಂಚಿಗೆ 32 ಮೀಟರ್ ಕರ್ಬ್ ಕಲ್ಲು, ಒಳಗೆ ತುಂಬಲು ಒಂದಿಷ್ಟು ಕಾಂಕ್ರೀಟ್, ರಾತ್ರಿ ಹೊಳೆಯುವ ನಾಲ್ಕು ಫಲಕ, ಮೇಲೊಂದು ದೀಪ. ಇದೇ ರಸ್ತೆಯ ಒಂದು ಕಿಲೋಮೀಟರಿಗೆ ಡಾಂಬರು ಹಾಕಿದ್ದು 14,000 ಚದರ ಮೀಟರ್! 21 ಮತ್ತು 14,000, ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ಮನವಿಗೆ ಸೇರಿಸಿ. ಇಲಾಖೆಯ ಎಸ್‌ಆರ್ ದರಪಟ್ಟಿ ಹಿಡಿದು ಜೆಇ ಒಂದು ಸಂಜೆಯಲ್ಲಿ ಅಂದಾಜು ಮಾಡಿಕೊಡಬಹುದು.

ಬಣ್ಣದ ವಿಷಯ ಒಂದು ಮಾತು. ಡಬ್ಬಿ ಬಣ್ಣ ಬಳಿಸಿದರೆ ಒಂದು ಮಳೆಗಾಲಕ್ಕೆ ಮಾಯ. ಥರ್ಮೋಪ್ಲಾಸ್ಟಿಕ್ ಅಂತಲೇ ಬರೆಸಿ. ಕಾಯಿಸಿ ಹಾಕುವ ಬಿಳಿ ಪದರ, 2.5 ಮಿಲಿಮೀಟರ್ ದಪ್ಪ, ಮೇಲೆ ಗಾಜಿನ ಪುಡಿಮಣಿ ಉದುರಿಸಿರುತ್ತಾರೆ. ಹೆಡ್‌ಲೈಟ್ ಬಿದ್ದಾಗ ಹೊಳೆಯುವುದು ಅದೇ. ಪಟ್ಟೆ ಎಲ್ಲಿ ಮುಗಿಯುತ್ತದೆ ಅಂತಲೂ ನೋಡಿಕೊಳ್ಳಿ. ನೇರ ಹೋಗಿ ಟ್ರಾನ್ಸ್‌ಫಾರ್ಮರ್ ಬೇಲಿಗೆ ಮುಗಿಯುವ ಜೀಬ್ರಾ ನೋಡಿದ್ದೇನೆ. ಚರಂಡಿಗೆ ಮುಗಿಯುವವಂತೂ ಲೆಕ್ಕವಿಲ್ಲ.

ದುಡ್ಡು ಎಲ್ಲಿಂದ? ರಸ್ತೆ ಪುರಸಭೆಯದ್ದೇ ಆದರೆ ಸ್ವಂತ ಆದಾಯ ಇದೆ, ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನ ಇದೆ, ಕೇಂದ್ರದ ಹಣಕಾಸು ಆಯೋಗದ ಅನುದಾನ ಇದೆ. ಕೇಂದ್ರ ಆಯೋಗದ ಹಣದಲ್ಲಿ ಒಂದು ತೊಡಕು ಉಂಟು. 15ನೇ ಆಯೋಗ ನಿಮ್ಮಂಥ ಸಣ್ಣ ಊರುಗಳಿಗೆ ಕೊಟ್ಟಿದ್ದರಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಕಟ್ಟು. ಉಳಿದ ಶೇ 40 ಮಾತ್ರ ಊರಿನವರು ಬೇಕಾದ್ದಕ್ಕೆ ಬಳಸಬಹುದಿತ್ತು. ಆದ್ದರಿಂದ ‘ಅನುದಾನ ಕೊಡಿ’ ಅಂತ ಬರೆಯಬೇಡಿ. ‘ನಿರ್ಬಂಧವಿಲ್ಲದ ಅನುದಾನದ ಕ್ರಿಯಾಯೋಜನೆಯಲ್ಲಿ ಈ ಕಾಮಗಾರಿ ಸೇರಿಸಿ’ ಅಂತ ಬರೆಯಿರಿ. ಕಡತ ಓದುವವನಿಗೆ ಅದು ಅರ್ಥವಾಗುವ ಭಾಷೆ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದ್ದು 5 ಕೋಟಿ. ಎರಡರಲ್ಲೂ ಹಣ ಬಿಡುಗಡೆ ಆಗುವುದು ಜಿಲ್ಲಾಡಳಿತದ ಮೂಲಕ, ಶಾಸಕರು, ಸಂಸದರು ಕೊಡುವುದು ಶಿಫಾರಸು ಪತ್ರ. ಒಂದು ಕಷ್ಟ ಏನೆಂದರೆ ಜೀಬ್ರಾ ಪಟ್ಟೆಯ ಪಕ್ಕ ಶಂಕುಸ್ಥಾಪನೆ ಕಲ್ಲು ನಿಲ್ಲಿಸಲು ಜಾಗ ಇರುವುದಿಲ್ಲ! ಸಮುದಾಯ ಭವನಕ್ಕೆ ಇರುವ ಮರ್ಯಾದೆ ಇದಕ್ಕೆ ಇಲ್ಲ. ಹಾಗಾಗಿ ಒಂದೇ ಶಾಲೆಗೆ ಅಂತ ಕೇಳುವ ಬದಲು ಊರಿನ ನಾಲ್ಕೈದು ಶಾಲೆಗಳ ಎಸ್‌ಡಿಎಂಸಿಯವರು ಸೇರಿ ‘ಶಾಲಾ ಮಕ್ಕಳ ಸುರಕ್ಷಿತ ದಾರಿ’ ಅಂತ ಒಂದು ಕಾಮಗಾರಿ ಮಾಡಿಕೊಂಡು ಹೋಗಿ. ಹೆಸರಿದ್ದರೆ ಫೋಟೊ ಬರುತ್ತದೆ, ಫೋಟೊ ಇದ್ದರೆ ಪತ್ರವೂ ಬೇಗ ಬರುತ್ತದೆ.

ರಸ್ತೆ ಪಿಡಬ್ಲ್ಯುಡಿಯದ್ದಾದರೆ ಎಇಇಗೆ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಅರ್ಜಿ ಕೊಟ್ಟು, ಪ್ರತಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳಿಸಿ. ಡಿಸಿ ಅಧ್ಯಕ್ಷರು. ಎಸ್‌ಪಿ, ಆರ್‌ಟಿಒ, ಪಿಡಬ್ಲ್ಯುಡಿ ಎಲ್ಲ ಒಂದೇ ಮೇಜಿಗೆ ಬರುವ ಸಭೆ ಅದು. ‘ನಮ್ಮದಲ್ಲ, ಅವರದ್ದು’ ಅನ್ನೋಕೆ ಅಲ್ಲಿ ಆಗಲ್ಲ, ಅವರೂ ಅಲ್ಲೇ ಕೂತಿರುತ್ತಾರೆ. ಸಭೆಯ ನಡಾವಳಿಯಲ್ಲಿ ನಿಮ್ಮ ಶಾಲೆಯ ಹೆಸರು ಬಂದರೆ ಅರ್ಧ ಕೆಲಸ ಆದ ಹಾಗೆ.

ಬರಿಗೈಯಲ್ಲಿ ಹೋಗಬೇಡಿ. ಒಂದು ವಾರ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಗೇಟಿನ ಹತ್ತಿರ ನಿಂತು ಎಣಿಸಿ. ಎಷ್ಟು ಮಕ್ಕಳು, ಎಷ್ಟು ವಯಸ್ಸಾದವರು ದಾಟಿದರು, ದಾಟಲು ಎಷ್ಟು ಹೊತ್ತು ಕಾದರು. ಏಳನೇ ತರಗತಿಯ ಮಕ್ಕಳೇ ಕಾಂಪೌಂಡಿನ ಒಳಗೆ ಕೂತು ಗೀಟು ಹಾಕುತ್ತಾರೆ. ಸಂತೆ ದಿನ ಬೇರೆ ಹಾಳೆ. ಠಾಣೆಯಿಂದ ಮೂರು ವರ್ಷದ ಅಪಘಾತದ ಲೆಕ್ಕ ಕೇಳಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅಂತ ಒಂದು ಕಲಂ ಸೇರಿತು. ರಸ್ತೆಯ ವಿನ್ಯಾಸ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಜಗಳದ ದನಿಯಲ್ಲಿ ಬೇಡ, ಅರ್ಜಿಯ ಕೊನೆಯಲ್ಲಿ ಒಂದು ಸಾಲು ಇರಲಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಮೂರು ಸಲ ಕೊಟ್ಟೆವು ಅಂದಿರಲ್ಲ, ಸೀಲು ಇರುವ ಪ್ರತಿ ಎಷ್ಟಿದೆ?

ಕೊಡುವ ಕಾಲವೂ ಮುಖ್ಯ. ಬಜೆಟ್ ಪೂರ್ವಭಾವಿ ಸಭೆ ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಆಗುತ್ತದೆ. ಸಾರ್ವಜನಿಕರನ್ನು ಕರೆಯುತ್ತಾರೆ, ಬರುವವರು ಹತ್ತೋ ಹದಿನೈದೋ ಜನ. ಅಲ್ಲಿ ಇಪ್ಪತ್ತು ತಾಯಂದಿರು ಬಂದು ಕೂತರೆ ಸದಸ್ಯರಿಗೆ ಚುನಾವಣೆ ನೆನಪಾಗುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ನೆನಪಿಸಿಕೊಂಡು ಹೋದರೆ ಕ್ರಿಯಾಯೋಜನೆ ಆಗಲೇ ಮೇಲಕ್ಕೆ ಹೋಗಿರಬಹುದು. ಮತ್ತೆ ಒಂದು ವರ್ಷ ಕಾಯಬೇಕು.

ಚಂದಾ ಎತ್ತಲೇಬೇಕು ಅನ್ನಿಸಿದರೆ ಮಳೆಗಾಲಕ್ಕೆ ಮಕ್ಕಳಿಗೆ ಹಳದಿ ರೇನ್‌ಕೋಟ್ ಕೊಡಿಸಿ. ರಸ್ತೆ ಸರ್ಕಾರದ್ದು, ಅದರ ಖರ್ಚು ಅವರ ತಲೆಯ ಮೇಲೇ ಇರಲಿ.

ಪ್ರಶ್ನೆ: ನಮ್ಮ ಬಡಾವಣೆಯ ಮುಂದಿನ ರಸ್ತೆಗೆ ಸಿಗ್ನಲ್ ಕೇಳಿದ್ದೆವು. ಈಗ ಜಾಹೀರಾತು ಕಂಪನಿಯೊಂದು ಸ್ವಂತ ಖರ್ಚಿನಲ್ಲಿ ಸ್ಕೈವಾಕ್ (ಪಾದಚಾರಿ ಮೇಲ್ಸೇತುವೆ) ಕಟ್ಟಿಕೊಡುತ್ತದೆ, ಒಪ್ಪಿಕೊಳ್ಳಿ ಅಂತಿದ್ದಾರೆ. ಪುಕ್ಕಟೆ ಬರುವುದನ್ನು ಬೇಡ ಅನ್ನೋದು ಹೇಗೆ? — ನಿವಾಸಿಗಳ ಸಂಘ, ಬೆಂಗಳೂರು

ಉತ್ತರ: ಪುಕ್ಕಟೆ ಅಲ್ಲ ಅದು. ಅದರ ಬದಲಿಗೆ ಸ್ಕೈವಾಕ್ ಮೇಲೆ ವರ್ಷಗಟ್ಟಲೆ ಜಾಹೀರಾತು ಹಾಕುವ ಹಕ್ಕನ್ನು ಊರು ಬಿಟ್ಟುಕೊಡುತ್ತದೆ. ಅದೂ ದುಡ್ಡೇ, ಅಲ್ವಾ?

ನನಗೆ ಸ್ಕೈವಾಕ್ ಮೇಲೆ ಸಿಟ್ಟಿಲ್ಲ. ಹತ್ತು ಲೇನಿನ ಹೊರವರ್ತುಲ ರಸ್ತೆಯಂಥ ಕಡೆ, ಲಿಫ್ಟ್ ಕೆಡದಂತೆ ನೋಡಿಕೊಂಡರೆ, ಇರಲಿ. ಆದರೆ ಲೆಕ್ಕ ಹಾಕಿ. ರಸ್ತೆಯ ಮೇಲೆ 5.5 ಮೀಟರ್ ಎತ್ತರ ಖಾಲಿ ಬಿಡಬೇಕು, ಅದರ ಮೇಲೆ ತೊಲೆಯ ದಪ್ಪ. 15 ಸೆಂಟಿಮೀಟರಿನ ಮೆಟ್ಟಿಲು ಅಂದರೆ ಹತ್ತಿರ ನಲವತ್ತು ಹತ್ತಬೇಕು, ನಲವತ್ತು ಇಳಿಯಬೇಕು. ಮಂಡಿ ನೋವಿನ ಅಜ್ಜಿ ಹಾಲಿನ ಪ್ಯಾಕೆಟ್ ಹಿಡಿದು ಎಂಬತ್ತು ಮೆಟ್ಟಿಲು ಮಾಡುತ್ತಾರಾ? ಲಿಫ್ಟ್ ಕೆಟ್ಟ ದಿನ ಅವರು ಕೆಳಗೇ ದಾಟುತ್ತಾರೆ. ಕೆಳಗೆ ಆಗ ಜೀಬ್ರಾ ಪಟ್ಟೆಯೂ ಇರುವುದಿಲ್ಲ. ‘ಸ್ಕೈವಾಕ್ ಇದೆಯಲ್ಲ’ ಅಂತ ಅಳಿಸಿರುತ್ತಾರೆ. ಇನ್ನೊಂದು, ಜಾಹೀರಾತಿನವರಿಗೆ ಬೇಕಾದ್ದು ಫಲಕ ಚೆನ್ನಾಗಿ ಕಾಣುವ ಜಾಗ. ಜನ ದಾಟುವ ಜಾಗ ಅಲ್ಲಿಂದ ಇನ್ನೂರು ಮೀಟರ್ ದೂರ ಇದ್ದರೆ ಕಂಪನಿಗೆ ಏನೂ ನಷ್ಟ ಇಲ್ಲ.

ಸಂಘದಿಂದ ಠರಾವು ಮಾಡಿ, ಗುಂಡಿ ಒತ್ತಿದರೆ ಕೆಂಪು ಬೀಳುವ ಪೆಲಿಕಾನ್ ಸಿಗ್ನಲ್ಲೇ ಬೇಕು ಅಂತ ಟ್ರಾಫಿಕ್ ಪೊಲೀಸರಿಗೂ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಬರುವ ನಿಮ್ಮ ನಗರ ಪಾಲಿಕೆಗೂ ಕೊಡಿ. ಪಾಲಿಕೆ ಈಗ ಐದಾಗಿದೆ, ನಿಮ್ಮ ರಸ್ತೆ ಯಾವುದಕ್ಕೆ ಸೇರಿದೆ ಅಂತ ಮೊದಲು ನೋಡಿಕೊಳ್ಳಿ. ಎರಡು ಪಾಲಿಕೆಗಳ ಗಡಿಯ ರಸ್ತೆಯಾದರೆ ಎರಡಕ್ಕೂ ಕೊಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು, ಹೆಚ್ಚುಕಡಿಮೆ ಐದರಲ್ಲಿ ಒಬ್ಬರು. ಕೇಂದ್ರ ಸಾರಿಗೆ ಸಚಿವಾಲಯದ್ದೇ ಅಂಕಿ ಇದು, ಠರಾವಿನಲ್ಲಿ ಹಾಕಿಕೊಳ್ಳಿ. ರಸ್ತೆಗೆ ಸದ್ಯದಲ್ಲೇ ಡಾಂಬರು ಹಾಕುವುದಿದ್ದರೆ ಅದೇ ಟೆಂಡರಿನಲ್ಲಿ ಸಿಗ್ನಲ್ಲಿನ ಕೇಬಲ್ ಪೈಪು, ಪಟ್ಟೆ, ಫುಟ್‌ಪಾತಿನ ಇಳಿಜಾರು ಸೇರಿಸಲು ಒತ್ತಾಯಿಸಿ. ಆಮೇಲೆ ಅಗೆಯುವುದಕ್ಕಿಂತ ಅದು ಎಷ್ಟೋ ಅಗ್ಗ.

ಪ್ರಶ್ನೆ: ನಮ್ಮ ಹಳ್ಳಿಯನ್ನು ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ ಇಬ್ಭಾಗ ಮಾಡಿದೆ. ಅರ್ಧ ಕಿಲೋಮೀಟರ್ ಆಚೆ ಅಂಡರ್‌ಪಾಸ್ ಇದ್ದರೂ ಜನ ಡಿವೈಡರ್ ಹತ್ತಿಯೇ ದಾಟುತ್ತಾರೆ. ಪಂಚಾಯಿತಿ ದುಡ್ಡಿನಲ್ಲಿ ಏನಾದರೂ ಮಾಡಬಹುದೇ? — ಗ್ರಾಮ ಪಂಚಾಯಿತಿ ಸದಸ್ಯೆ

ಉತ್ತರ: ಹೆದ್ದಾರಿಯ ಮೇಲೆ ಪಂಚಾಯಿತಿ ಒಂದು ರೂಪಾಯಿಯನ್ನೂ ಹಾಕುವ ಹಾಗಿಲ್ಲ. ಅಲ್ಲಿನ ಕೆಲಸ ಹೆದ್ದಾರಿ ಪ್ರಾಧಿಕಾರದ್ದು. ಹೆದ್ದಾರಿ ಸಹಾಯವಾಣಿ 1033ಕ್ಕೆ ದೂರು ಕೊಡಿ, ಗ್ರಾಮಸಭೆಯ ಠರಾವನ್ನು ಡಿಸಿ ಮೂಲಕ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ಕಳಿಸಿ. 500 ಮೀಟರ್ ಒಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿದ್ದರೆ ಅದು ‘ಬ್ಲ್ಯಾಕ್ ಸ್ಪಾಟ್’. ಆ ಪಟ್ಟಿಗೆ ಬಂದರೆ ಸರಿಪಡಿಸುವ ಕೆಲಸಕ್ಕೆ ಕೇಂದ್ರದ ಹಣ ಸಿಗುತ್ತದೆ. ಅದಕ್ಕೇ ಹೇಳುವುದು, ಅಪಘಾತವಾದಾಗ ರಾಜಿ ಮಾಡಿಕೊಂಡು ಸುಮ್ನಾಗಬೇಡಿ, ಎಫ್‌ಐಆರ್ ಆಗಲಿ. ಲೆಕ್ಕಕ್ಕೆ ಬರುವುದು ಠಾಣೆಯ ಪುಸ್ತಕದಲ್ಲಿ ಇದ್ದದ್ದು ಮಾತ್ರ.

ನಿಮ್ಮ ಕೈಲಿರುವುದು ಅಂಡರ್‌ಪಾಸಿಗೆ ಹೋಗುವ ದಾರಿ. ಜನ ಯಾಕೆ ಅಲ್ಲಿಗೆ ಹೋಗಲ್ಲ ಅಂತ ಒಂದು ಸಂಜೆ ನಡೆದು ನೋಡಿ. ಕತ್ತಲೆ ಇರುತ್ತದೆ, ಲಂಟಾನ ಬೆಳೆದಿರುತ್ತದೆ, ಮಳೆ ಬಂದರೆ ಮೊಣಕಾಲುದ್ದ ನೀರು. ಊರಿನ ಕಡೆಯ ದಾರಿ ನಿಮ್ಮ ಪಂಚಾಯಿತಿ ರಸ್ತೆಯೇ ಆಗಿದ್ದರೆ ಅಲ್ಲಿಗೆ ಬೀದಿದೀಪ, ಚರಂಡಿ, ಪೊದೆ ಕಡಿಸುವುದು ನಿಮ್ಮ ಹಣದಲ್ಲೇ ಆಗುವ ಕೆಲಸ. ಅಂಡರ್‌ಪಾಸಿನ ಒಳಗಿನ ನೀರು ಹೊರಹಾಕುವುದು ಅವರದ್ದು. ಅದರ ಫೋಟೊವನ್ನು ತಾರೀಖಿನ ಸಮೇತ, ಮಳೆ ಬಂದ ಮಾರನೇ ದಿನವೇ ಕಳಿಸಿ.