ಓದುಗರ ಪ್ರಶ್ನೆ, ನಮ್ಮ ಉತ್ತರ: ಯಹೂದಿಗಳ ಹಬ್ಬದ ಜೇನು, ನಮ್ಮ ಹೊಲದಾಗಿನ ಜೇನು

ಪ್ರಶ್ನೆ: ನಮ್ಮ ಮಗ ಇಸ್ರೇಲ್‌ನ್ಯಾಗ ಕೆಲಸಕ್ಕದಾನ್ರಿ. ಅಲ್ಲೆ ಹೊಸ ವರ್ಷಕ್ಕ ಸೇಬು ಜೇನಿನ್ಯಾಗ ಅದ್ದಿ ತಿನ್ನೋ ಫೋಟೋ ಕಳ್ಸ್ಯಾನ. ಇದು ನಮ್ಮ ಯುಗಾದಿ ಬೇವು-ಬೆಲ್ಲ ಇದ್ದಂಗನ? ಮತ್ತ ಯಹೂದಿಗಳು ಜೇನುಹುಳದಂಥಾ ಹುಳ ತಿನ್ನಂಗಿಲ್ಲ ಅಂತಾರ, ಜೇನು ಹ್ಯಾಂಗ ನಡೀತೈತಿ? (ಗದಗಿನ ಓದುಗರು)

ಉತ್ತರ: ಆ ಹಬ್ಬಕ್ಕ ರೋಶ್ ಹಶಾನಾ ಅಂತಾರ್ರಿ, ಸಪ್ಟೆಂಬರ್ ಇಲ್ಲಾ ಅಕ್ಟೋಬರ್ ಶುರುವಿಗೆ ಬರ್ತೈತಿ. ವರ್ಷ ಸಿಹಿ ಆಗ್ಲಿ ಅಂತ ಬೇಡ್ಕೊಂಡು ಸೇಬು ಅದ್ದಿ ತಿಂತಾರ, ಬ್ರೆಡ್ಡಿಗೂ ಉಪ್ಪಿನ ಬದ್ಲಿ ಜೇನು ಹಚ್ಚೋ ಮನಿ ಭಾಳ ಅದಾವ. ಆದ್ರ ನಾವು ಕಹಿನೂ ಕೂಡ್ಸಿ ತಿಂತೀವಿ, ಅವರಾಗ ಅವತ್ತು ಹುಳಿ-ಕಹಿ ದೂರ ಇಡೋ ರೂಢಿ ಐತಿ.

ಹುಳದ ಪ್ರಶ್ನೆ ಭಾಳ ಛಲೋ ಕೇಳೀರಿ, ಅವರ ಪಂಡಿತರೂ ಇದನ್ನ ಹಿಂದಕ್ಕನ ಚರ್ಚೆ ಮಾಡ್ಯಾರ. ತಿನಬಾರದ ಪ್ರಾಣಿಯಿಂದ ಬಂದದ್ದೂ ತಿನಬಾರದು ಅನ್ನೋದು ನಿಯಮ, ಅದಕ್ಕ ಒಂಟಿ ಹಾಲೂ ನಡ್ಯಂಗಿಲ್ಲ. ಜೇನಿಗೆ ತಾಲ್ಮುದ್ ಅನ್ನೋ ಯಹೂದಿಗಳ ಹಳೇ ಧರ್ಮಗ್ರಂಥದಾಗ ಕೊಟ್ಟ ಕಾರಣ ಅಂದ್ರ ಹುಳ ಹೂವಿನ ರಸ ಒಳಗ ತಗೊಂಡು ಹೊತ್ಕೊಂಡು ಬರ್ತೈತಿ ಅಷ್ಟ, ತನ್ನ ಮೈಯಿಂದ ಹುಟ್ಟಸಂಗಿಲ್ಲ. ಇವತ್ತಿನ ವಿಜ್ಞಾನದ ಪ್ರಕಾರನೂ ರಸ ತರೋ ಚೀಲ ಬ್ಯಾರೆ, ಊಟ ಅರಗೋ ಹೊಟ್ಟಿ ಬ್ಯಾರೆ. ಹುಳದ ಕಿಣ್ವ ಸ್ವಲ್ಪ ಕೂಡತೈತಿ ಖರೇ, ಮೂಲ ಸರಕು ಮಾತ್ರ ಹೂವಿಂದ.

ಅಲ್ಲೆ ಜೇನು ಸಾಕೂದು ಎಷ್ಟು ಹಳೇದು ಅಂದ್ರ, ಜೋರ್ಡನ್ ಕಣಿವ್ಯಾಗ ತೆಲ್ ರೆಹೋವ್ ಅನ್ನೋ ಕಡೆ ಹೀಬ್ರೂ ವಿಶ್ವವಿದ್ಯಾಲಯದ ಅಮಿಹಾಯ್ ಮಜಾರ್ ಅವರ ತಂಡ ಅಗದಾಗ ಸುಮಾರು 3000 ವರ್ಷದ ಹಿಂದಿನ ಜೇನುಗೂಡು ಸಾಲಾಗಿ ಸಿಕ್ಕಾವ, 2007ರಾಗ ಸುದ್ದಿ ಹೊರಗ ಬಂತು. ಮಣ್ಣು-ಹುಲ್ಲು ಕಲಸಿ ಮಾಡಿದ ಉದ್ದನ್ನ ಕೊಳವಿ, ಒಂದು ಕಡೆ ಹುಳ ಓಡಾಡಾಕ ಸಣ್ಣ ತೂತು, ಇನ್ನೊಂದು ಕಡೆ ಜೇನು ತಗೀಲಿಕ್ಕೆ ಮುಚ್ಚಳ. ಈಗಿನ ಪೆಟಗಿನೂ ಇದ ಲೆಕ್ಕದಾಗ ನಡೀತೈತಿ ನೋಡ್ರಿ, ಹುಳಕ್ಕ ಒಂದು ಬಾಗಲಾ, ಮನಷ್ಯಾಗ ಒಂದು.

ಪ್ರಶ್ನೆ: ಹುಡ್ರಿಗೆ ಜೇನು ಸಾಕೋ ಜಾಗ ತೋರಸಬೇಕು, ಯಾವಾಗ ಹೋಗೂದು? (ಹಾವೇರಿ)

ಉತ್ತರ: ಟಿಕೀಟು ತಗೊಂಡು ತಿರಗೋ ಪಾರ್ಕಿಗಿಂತ ಖರೇ ಕೆಲಸ ನಡ್ಯೋ ಹೊಲಕ್ಕ ಕರ್ಕೊಂಡು ಹೋಗ್ರಿ, ನಿಮ್ಮ ಜಿಲ್ಲಾ ತೋಟಗಾರಿಕೆ ಇಲಾಖೆ ಆಫೀಸಿನ್ಯಾಗ, ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಕೇಳಿದ್ರ ಸಾಕೋರ ಗುರ್ತು ಹಚ್ಚಬಹುದು. ಮಳಿ ಮುಗದು ಗುರೆಳ್ಳು, ಸೂರ್ಯಕಾಂತಿ ಹೂ ಬಿಟ್ಟಾಗ ಹೋಗ್ರಿ, ಜಡಿ ಮಳ್ಯಾಗ ಪೆಟಗಿ ತಗ್ಯಂಗಿಲ್ಲ. ಫೋನ್ ಮಾಡಿ ಹೋಗ್ರಿ, ಅವರ ಕೆಲಸದ ವ್ಯಾಳ್ಯಾ ಅದು.

ಹೊಗಿ ಹಾಕಿ ಮುಚ್ಚಳ ತಗದ್ರ ಹುಳ ಗಡಬಡಿಸಿ ಜೇನು ಕುಡೀಲಿಕ್ಕೆ ಹತ್ತತಾವ, ಅದಕ್ಕ ಕಚ್ಚೂದು ಕಮ್ಮಿ. ಹುಳ ಎರಿ ಕಟ್ಟೋ ಚೌಕಟ್ಟು, ಅಂದ್ರ ಫ್ರೇಮ್ ಎತ್ತಿದಾಗ ಮ್ಯಾಲಿನ ಅಂಚಿಗೆ ತೆಳ್ಳನ ಮೇಣದಿಂದ ಮುಚ್ಚಿದ ಕೋಣಿ ಕಾಣ್ತಾವ, ಅಲ್ಲೆ ಜೇನು ಪಕ್ವ ಆಗೇತಿ ಅಂತ. ರಸದಾಗಿನ ನೀರು ರೆಕ್ಕಿ ಬೀಸಿ ಬೀಸಿ ಆರಿಸಿ 20 ಪರ್ಸೆಂಟಿಗಿಂತ ಕಮ್ಮಿಗೆ ತಂದ ಮ್ಯಾಲೆನ ಹುಳ ಮುಚ್ಚತೈತಿ. ಚಾಕುದಿಂದ ಆ ಮೇಣ ಸೀಳಿ, ತಿರಗೋ ಡ್ರಮ್ಮಿನ್ಯಾಗ ಇಟ್ಟು ತಿರುವಿದ್ರ ಜೇನು ಸಿಡದು ಗ್ವಾಡಿಗೆ ಬಡದು ಕೆಳಗ ಇಳೀತೈತಿ, ಎರಿ ಹಂಗ ಉಳ್ಕೊಂಡು ಮತ್ತ ಪೆಟಗಿಗೆ ಹೋಗ್ತೈತಿ. ಇದನ್ನ ಹುಡ್ರು ಕಣ್ಣಾರೆ ನೋಡಬೇಕ್ರಿ!

ಸೆಂಟ್ ಹಾಕ್ಬ್ಯಾಡ್ರಿ, ತಿಳಿ ಬಣ್ಣದ ಫುಲ್ ತೋಳಿನ ಅರಿವಿ ಹಾಕ್ಸ್ರಿ, ಪೆಟಗಿ ಬಾಗಲಾ ಎದ್ರಿಗೆ ನಿಲ್ಬ್ಯಾಡ್ರಿ. ಕಚ್ಚಿದ್ರ ಮುಳ್ಳು ತಡ ಮಾಡಲಾರದ ಕೆರದು ತಗೀರಿ, ಉಸರಾಟ ಕಷ್ಟ ಆದ್ರ ಸೀದಾ ದವಾಖಾನಿ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಸಬ್ಯಾಡ್ರಿ, ಬೊಟುಲಿಸಂ ಅನ್ನೋ ಕೆಟ್ಟ ರೋಗ ಆಗಬಹುದು.

ಪ್ರಶ್ನೆ: ರೈತರ ಹತ್ರ ತಂದ ಜೇನು ಸಕ್ರಿಯಂಗ ಗಟ್ಟಿ ಆತು, ಮೋಸನ? (ಹುಬ್ಬಳ್ಳಿ)

ಉತ್ತರ: ಅಷ್ಟಕ್ಕ ಮೋಸ ಅನ್ಬ್ಯಾಡ್ರಿ. ಸೂರ್ಯಕಾಂತಿ ಜೇನಿನ್ಯಾಗ ಗ್ಲೂಕೋಸ್ ಹೆಚ್ಚು, ಲಗೂನ ಗಟ್ಟಿ ಆಗ್ತೈತಿ. ಬಾಟ್ಲಿನ ಉಗುರುಬೆಚ್ಚಗಿನ ನೀರಿನ್ಯಾಗ ಇಡ್ರಿ, ಒಲಿ ಮ್ಯಾಲೆ ಇಡಬ್ಯಾಡ್ರಿ.